ಮನೆಮಟ್ಟಿಗೆ ಒಂದು ಪುಸ್ತಕ ಮಾಡಿಕೊಳ್ಳಲು ವೃತ್ತಿಪರ ತಂತ್ರಾಂಶಕ್ಕೆ ಇಷ್ಟು ಹಣ ತೆರಲೇಬೇಕೇ?

ಪ್ರಶ್ನೆ: ಹಸೆಹಾಡು

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಅಧ್ಯಾಪಕ. ನಮ್ಮ ತಾಯಿಯವರೂ ಅವರ ಓರಗೆಯ ಹೆಂಗಸರೂ ಮದುವೆ, ಸೀಮಂತಗಳಲ್ಲಿ ಹೇಳುತ್ತಿದ್ದ ಹಾಡುಗಳನ್ನು ಇಪ್ಪತ್ತು ವರ್ಷಗಳಿಂದ ಕೇಳಿ ಬರೆದಿಟ್ಟುಕೊಂಡಿದ್ದೇನೆ. ಈಗ ಅವನ್ನು 180 ಪುಟಗಳ ಪುಸ್ತಕವಾಗಿಸಿ, 200 ಪ್ರತಿ ಅಚ್ಚು ಹಾಕಿಸಿ, ಹಾಡು ಹೇಳಿಕೊಟ್ಟವರ ಮನೆಗಳಿಗೂ ನೆಂಟರಿಷ್ಟರಿಗೂ ಹಂಚಬೇಕೆಂಬ ಆಸೆಯಿದೆ. ಮಾರಾಟದ ಉದ್ದೇಶವಿಲ್ಲ. ಹಾಡು ಹೇಳಿಕೊಟ್ಟವರಲ್ಲಿ ಅನೇಕರು ಈಗಿಲ್ಲ, ಇರುವವರು ಎಂಬತ್ತು ದಾಟಿದವರು. ಆದ್ದರಿಂದ ಈ ಕೆಲಸವನ್ನು ಇನ್ನು ಮುಂದಕ್ಕೆ ಹಾಕುವಂತಿಲ್ಲ.

2009ರಲ್ಲಿ ನಮ್ಮ ತಾಯಿಯವರ ಹಾಡುಗಳನ್ನಷ್ಟೇ ಸೇರಿಸಿ ನಲವತ್ತು ಪುಟಗಳ ಕಿರುಹೊತ್ತಗೆಯೊಂದನ್ನು ಪೇಟೆಯ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದೆ. ಆಗ ಬರೆದ ಹಸ್ತಪ್ರತಿ ಮಳೆಗಾಲದಲ್ಲಿ ನೀರು ಕುಡಿದು ಹಾಳಾಯಿತು. ಅಂಗಡಿಯವರನ್ನು ನಾಲ್ಕಾರು ಸಲ ಕೇಳಿಕೊಂಡ ಮೇಲೆ ಒಂದು ಸಿಡಿ ಕೊಟ್ಟರು. ಅದರಲ್ಲಿರುವುದು ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ ಕಡತ. ಅದು ನನ್ನ ಗಣಕದಲ್ಲಿ ತೆರೆಯುವುದಿಲ್ಲ. ಜೊತೆಗಿದ್ದ ಸಾದಾ ಪಠ್ಯದ ಕಡತವನ್ನು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲದೆ, ತಲೆಯ ಮೇಲೆ ಚುಕ್ಕಿ, ಗೀಟುಗಳನ್ನು ಹೊತ್ತ ರೋಮನ್ ಅಕ್ಷರಗಳ ರಾಶಿ ಮಾತ್ರ ಕಾಣುತ್ತದೆ. ತಾಯಿಯವರ ಹಾಡನ್ನು ನಾನೇ ಓದಲಾರದ ಸ್ಥಿತಿ ಇದು.

ಈ ಸಲ ಎಲ್ಲವನ್ನೂ ನಾನೇ ಮಾಡಿಕೊಳ್ಳೋಣವೆಂದು ವಿಚಾರಿಸಿದೆ. ಕೇಳಿದವರೆಲ್ಲ ಒಂದೇ ಪುಟವಿನ್ಯಾಸ ತಂತ್ರಾಂಶದ ಹೆಸರು ಹೇಳುತ್ತಾರೆ, ಅದಕ್ಕೆ ತಿಂಗಳು ತಿಂಗಳು ಚಂದಾ ಕಟ್ಟಬೇಕೆನ್ನುತ್ತಾರೆ. ಹಳೆಯ ಚಿತ್ರಗಳನ್ನು ಸರಿಪಡಿಸಲು ಇನ್ನೊಂದು ತಂತ್ರಾಂಶ, ಅದಕ್ಕೆ ಮತ್ತೊಂದು ಚಂದಾ. ನಾನು ದುಡಿಯುವುದು ಸಂಜೆಯ ಒಂದೆರಡು ಗಂಟೆ, ಅದೂ ಮೂರು ನಾಲ್ಕು ತಿಂಗಳು. ಪುಸ್ತಕ ಮುಗಿದ ಮೇಲೆ ವರ್ಷವಿಡೀ ಅದನ್ನು ಮುಟ್ಟದೆಯೂ ಇರಬಹುದು. ದಿನಕ್ಕೆ ಹತ್ತು ಗಂಟೆ ದುಡಿಸಿಕೊಂಡು ಹಣ ಗಳಿಸುವ ಜಾಹೀರಾತು ಸಂಸ್ಥೆಯೂ ಪಿಂಚಣಿಯಲ್ಲಿ ಬದುಕುವ ನಾನೂ ಒಂದೇ ದರ ತೆರಬೇಕೆನ್ನುವುದು ನನಗೆ ನ್ಯಾಯವಾಗಿ ಕಾಣುತ್ತಿಲ್ಲ. ನನ್ನಂಥವರು ಏನು ಮಾಡುತ್ತಾರೆ? ಚಂದಾ ನಿಲ್ಲಿಸಿದ ಮೇಲೆ ಮಾಡಿದ ಕೆಲಸ ನನ್ನ ಕೈಯಲ್ಲಿ ಉಳಿಯುತ್ತದೆಯೇ? ಎರಡನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಉತ್ತರ: ಅಚ್ಚಿನಮೊಳೆ

ಅಧ್ಯಾಪಕರೇ, ನಾನು ಬೆಂಗಳೂರಿನ ಮುದ್ರಣಾಲಯಗಳಿಗೆ ಇಪ್ಪತ್ತೈದು ವರ್ಷಗಳಿಂದ ಅಕ್ಷರಜೋಡಣೆ, ಪುಟವಿನ್ಯಾಸ ಮಾಡಿಕೊಂಡು ಬಂದವನು. ನಿಮ್ಮ ಸಿಡಿಯ ಕಥೆ ನನಗೆ ಹೊಸದಲ್ಲ. ಅದು ಹಾಗಾದ ಕಾರಣವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಹಣದ ಲೆಕ್ಕವೂ ಅದರೊಳಗೇ ಅಡಗಿದೆ.

ಪೇಜ್‌ಮೇಕರ್ ಅನ್ನು ಆಲ್ಡಸ್ ಕಂಪನಿ 1985ರಲ್ಲಿ ತಂದಿತು. 1994ರಲ್ಲಿ ಆಲ್ಡಸ್ ಅಡೋಬಿ ಕಂಪನಿಯ ಪಾಲಾಯಿತು. 2001ರ 7.0 ಆವೃತ್ತಿಯೇ ಅದರ ಕೊನೆಯ ಆವೃತ್ತಿ. ಅದಕ್ಕೆ ಕನ್ನಡ ಗೊತ್ತಿರಲಿಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿದ ಫಾಂಟುಗಳಿಂದ ನಾವು ಕೆಲಸ ಸಾಗಿಸುತ್ತಿದ್ದೆವು. ಗಣಕದ ದೃಷ್ಟಿಯಲ್ಲಿ ನಿಮ್ಮ ತಾಯಿಯವರ ಹಾಡು ಅರ್ಥವಿಲ್ಲದ ರೋಮನ್ ಸಾಲು. ಫಾಂಟು ತೆಗೆದರೆ ಕನ್ನಡ ಹೋಯಿತು. ಆದರೂ ಅಂಗಡಿಯವರು ಆ ಪೇಜ್‌ಮೇಕರನ್ನು ಒಂದೇ ಸಲ ಹಣ ಕೊಟ್ಟು ಕೊಂಡು ಹತ್ತು ಹದಿನೈದು ವರ್ಷ ದುಡಿಸಿದರು. ಇಂದಿಗೂ ದುಡಿಸುತ್ತಿರುವವರನ್ನು ನಾನು ಬಲ್ಲೆ.

ಯೂನಿಕೋಡ್ ಕನ್ನಡವನ್ನು, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಪಠ್ಯವನ್ನು, ಸರಿಯಾಗಿ ಜೋಡಿಸುವ ಸಾಮರ್ಥ್ಯವನ್ನು ಅಡೋಬಿ ತನ್ನ ಇಂದಿನ ಪುಟವಿನ್ಯಾಸ ತಂತ್ರಾಂಶವಾದ ಇನ್‌ಡಿಸೈನ್‌ಗೆ ಅಧಿಕೃತವಾಗಿ ಕೊಟ್ಟದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಮರುವರ್ಷ, 2013ರ ಮೇ ತಿಂಗಳಲ್ಲಿ, ಇನ್ನು ಮುಂದೆ ಹೊಸ ಆವೃತ್ತಿಗಳನ್ನು ಮಾರುವುದಿಲ್ಲ, ಚಂದಾಕ್ಕೆ ಮಾತ್ರ ಕೊಡುತ್ತೇವೆ ಎಂದು ಅದೇ ಕಂಪನಿ ಘೋಷಿಸಿತು. ಇಂಗ್ಲಿಷಿನವರು ಕಾಲು ಶತಮಾನಕ್ಕೂ ಹೆಚ್ಚು ಕಾಲ ಕೊಂಡು ಇಟ್ಟುಕೊಳ್ಳಬಹುದಾಗಿದ್ದ ಸಾಧನವನ್ನು ಕನ್ನಡಿಗರು ತಮ್ಮ ಲಿಪಿಯ ಸಮೇತ ಕೊಂಡು ಇಟ್ಟುಕೊಳ್ಳಲು ಸಾಧ್ಯವಿದ್ದದ್ದು ಆ ಒಂದೇ ಆವೃತ್ತಿಯಲ್ಲಿ. ಈ ಮಾತನ್ನು ನಮ್ಮಲ್ಲಿ ಯಾರೂ ಎತ್ತಿ ಆಡಿದ್ದನ್ನು ನಾನು ಕಂಡಿಲ್ಲ, ನನಗಂತೂ ಅದು ಇಂದಿಗೂ ನೋವಿನ ಸಂಗತಿಯೇ.

ಒಂದೇ ದರ ಎಂದಿರಿ. ನಿಜವಾಗಿ ನೋಡಿದರೆ ದರ ಒಂದೇ ಅಲ್ಲ, ನಿಮ್ಮದೇ ಹೆಚ್ಚು. ಚಂದಾ ತಿಂಗಳಿಗೆ 1,600 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ವರ್ಷಕ್ಕೆ 19,200 ರೂಪಾಯಿ, ಶೇಕಡಾ 18ರ ಜಿಎಸ್‌ಟಿ 3,456 ಸೇರಿ 22,656 ರೂಪಾಯಿ. ನೋಂದಾಯಿತ ಸಂಸ್ಥೆಯೊಂದು ಆ 3,456 ರೂಪಾಯಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತದೆ. ಉಳಿದ ಮೊತ್ತವನ್ನು ವೆಚ್ಚವೆಂದು ತೋರಿಸಿ ಆದಾಯ ತೆರಿಗೆಯಲ್ಲೂ ಅಷ್ಟಿಷ್ಟು ಉಳಿಸುತ್ತದೆ. ಮನೆಯ ಬಳಕೆದಾರನಿಗೆ ಈ ಎರಡು ದಾರಿಯೂ ಇಲ್ಲ, ಆತ ಪೂರ್ತಿ 22,656 ರೂಪಾಯಿಯನ್ನು ಗಂಟಿನಿಂದ ಬಿಚ್ಚಬೇಕು. ವೃತ್ತಿಯವರಾದ ನಾವು ಚಂದಾದ ಬಗ್ಗೆ ಗೊಣಗಿದರೂ ತಾಳಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಇಷ್ಟಾಗಿ, ನಿಮ್ಮ ಪುಸ್ತಕಕ್ಕೆ ಆ ತಂತ್ರಾಂಶ ಬೇಕೇ? ನನ್ನ ಮಟ್ಟಿಗೆ ಬೇಡ. ಅದರ ಬಹುಪಾಲು ಬೆಲೆ ಪತ್ರಿಕೆ, ಬಣ್ಣದ ಕ್ಯಾಟಲಾಗು, ಹತ್ತು ಜನ ಕೂಡಿ ಮಾಡುವ ಕೆಲಸಗಳಿಗೆ ಸಂಬಂಧಿಸಿದ್ದು. ಮುದ್ರಕರು ನಿಮ್ಮಿಂದ ಕೇಳುವುದು ಫಾಂಟುಗಳನ್ನು ಒಳಗೊಂಡ ಒಂದು ಪಿಡಿಎಫ್, ಅಚ್ಚಿನ ಅಳತೆಯಲ್ಲಿ ಇಂಚಿಗೆ 300 ಚುಕ್ಕಿಗಳಿರುವ ಚಿತ್ರಗಳು, ಮುಖಪುಟಕ್ಕೆ ಸುತ್ತ 3 ಮಿಲಿಮೀಟರ್ ಹೆಚ್ಚುವರಿ ಅಂಚು. ಒಳಪುಟಗಳೆಲ್ಲ ಕಪ್ಪು ಬಿಳುಪು. ಇವನ್ನು ಬರವಣಿಗೆಯ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್ ಅಥವಾ ಪುಟವಿನ್ಯಾಸದ ಸ್ಕ್ರೈಬಸ್‌ನಲ್ಲಿ ಹಣವಿಲ್ಲದೆ ಮಾಡಬಹುದು. ಇನ್‌ಡಿಸೈನೇ ಬೇಕೆಂದು ಮನಸ್ಸಾದರೆ, ಕರಡು ತಿದ್ದುವುದನ್ನೂ ಚಿತ್ರಗಳನ್ನು ಸಿದ್ಧಪಡಿಸುವುದನ್ನೂ ಪೂರ್ತಿ ಮುಗಿಸಿಕೊಂಡು, ವಾರ್ಷಿಕ ಒಪ್ಪಂದವಿಲ್ಲದ ತಿಂಗಳ ಯೋಜನೆಯನ್ನು ಒಂದೇ ತಿಂಗಳಿಗೆ ತೆಗೆದುಕೊಳ್ಳಿ. ಆ ತಿಂಗಳ ದರ ಹೆಚ್ಚು, ಒಟ್ಟು ಖರ್ಚು ಮಾತ್ರ ಬಹಳ ಕಡಿಮೆ.

ಕೆಲಸ ನಿಮ್ಮ ಕೈಯಲ್ಲಿ ಉಳಿಯುತ್ತದೆಯೇ ಎಂದಿರಿ. ಪಿಡಿಎಫ್ ಉಳಿಯುತ್ತದೆ. ತಿದ್ದಬಹುದಾದ ಮೂಲ ಕಡತವೂ ನಿಮ್ಮ ಡಿಸ್ಕಿನಲ್ಲೇ ಇರುತ್ತದೆ, ಅದನ್ನು ತೆರೆಯುವ ಬೀಗದ ಕೈ ಮಾತ್ರ ಚಂದಾದ ಜೊತೆ ಹೊರಟುಹೋಗುತ್ತದೆ. ಆದ್ದರಿಂದ ತಿದ್ದಿದ ಅಂತಿಮ ಪಠ್ಯವನ್ನು ಯೂನಿಕೋಡ್‌ನ ಸಾದಾ ಪಠ್ಯವಾಗಿ ಬೇರೆಯಾಗಿ ಇಟ್ಟುಕೊಳ್ಳದೆ ಯಾವ ತಂತ್ರಾಂಶಕ್ಕೂ ಕೈ ಹಾಕಬೇಡಿ.

ಉತ್ತರ: ಲೆಕ್ಕದಪುಸ್ತಕ

ಮೇಲಿನವರು ಹೇಳಿದ ತಿಂಗಳ ಯೋಜನೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಚಂದಾಗಳಲ್ಲಿ ನೋಡಲು ಒಂದೇ ತೆರನಾದ ಎರಡು ಬಗೆಗಳಿವೆ. ಒಂದು, ತಿಂಗಳಿಗೆ ತಿಂಗಳು, ಬೇಡವಾದಾಗ ನಿಲ್ಲಿಸುವಂಥದ್ದು. ಇನ್ನೊಂದು, ವರ್ಷಕ್ಕೆ ಒಪ್ಪಿಕೊಂಡು ಕಂತಿನಲ್ಲಿ ಕಟ್ಟುವಂಥದ್ದು. ಪರದೆಯ ಮೇಲೆ ಎರಡಕ್ಕೂ ತಿಂಗಳ ದರವನ್ನೇ ದೊಡ್ಡ ಅಕ್ಷರದಲ್ಲಿ ತೋರಿಸಿದರೆ, ದರ ಕಡಿಮೆ ಕಂಡದ್ದನ್ನು ಒತ್ತಿದವರು ತಾವು ಒಂದು ವರ್ಷದ ಕರಾರಿಗೆ ಸಹಿ ಹಾಕಿದ್ದೇವೆಂದು ತಿಳಿಯುವುದು ಬಿಡಲು ಹೋದಾಗಲೇ. ಅಡೋಬಿಯ ಇಂಥ ವಾರ್ಷಿಕ ಯೋಜನೆಯನ್ನು ಮೊದಲ 14 ದಿನಗಳು ಕಳೆದ ಮೇಲೆ ಬಿಟ್ಟರೆ ಉಳಿದ ಕಂತುಗಳ ಅರ್ಧದಷ್ಟನ್ನು ಕಟ್ಟಬೇಕೆಂಬ ನಿಯಮವಿತ್ತು. ಈ ಶುಲ್ಕವನ್ನು ಗ್ರಾಹಕರಿಗೆ ಕಾಣದಂತೆ ಇಡಲಾಗಿದೆಯೆಂದು ಆಪಾದಿಸಿ ಅಮೆರಿಕದ ಗ್ರಾಹಕ ಹಿತರಕ್ಷಣೆಯ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಕೋರಿದ ಮೇರೆಗೆ ಅಲ್ಲಿನ ನ್ಯಾಯ ಇಲಾಖೆ 2024ರ ಜೂನ್‌ನಲ್ಲಿ ಮೊಕದ್ದಮೆ ಹೂಡಿತು. ಯಾವ ಕಂಪನಿಯ ಚಂದಾ ಆದರೂ ಸರಿ, ಹಣ ಕಟ್ಟುವ ಮೊದಲು ‘ವಾರ್ಷಿಕ’ ಎಂಬ ಪದ ಎಲ್ಲಾದರೂ ಇದೆಯೇ ಎಂದು ನಿಧಾನವಾಗಿ ಹುಡುಕಿ.

ನಮ್ಮಲ್ಲಿ ಸ್ವಲ್ಪ ರಕ್ಷಣೆಯೂ ಉಂಟು. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಕಾರ್ಡಿನಿಂದ ತಾನಾಗಿ ಕಡಿತವಾಗುವ ಮೊತ್ತದ ಬಗ್ಗೆ ಬ್ಯಾಂಕು 24 ಗಂಟೆ ಮೊದಲು ನಿಮಗೆ ತಿಳಿಸಬೇಕು, ಆಗ ನೀವು ಅದನ್ನು ತಡೆಯಬಹುದು. 15,000 ರೂಪಾಯಿ ಮೀರಿದ ಕಡಿತಕ್ಕೆ ಪ್ರತಿ ಸಲವೂ ನಿಮ್ಮ ಒಪ್ಪಿಗೆ ಬೇಕು. ಆ ಸಂದೇಶವನ್ನು ಜಾಹೀರಾತೆಂದು ಅಳಿಸಿಹಾಕಬೇಡಿ. ಹಾಗೆಂದು ಕಡಿತ ತಡೆದ ಮಾತ್ರಕ್ಕೆ ಕರಾರು ಮುಗಿಯುವುದಿಲ್ಲ, ಅದನ್ನು ಕಂಪನಿಯ ಖಾತೆಯೊಳಗೆ ಹೋಗಿಯೇ ರದ್ದು ಮಾಡಬೇಕು.

ಉತ್ತರ: ಮುಕ್ತಲಿಪಿ

ಹಸೆಹಾಡು ಅವರಿಗೆ ಮೊದಲು ಒಂದು ಒಳ್ಳೆಯ ಸುದ್ದಿ. ನಿಮ್ಮ ಸಿಡಿಯ ಪೇಜ್‌ಮೇಕರ್ ಕಡತವನ್ನು ಲಿಬ್ರೆಆಫೀಸ್‌ನ ಡ್ರಾ ಭಾಗದಲ್ಲಿ ತೆರೆಯಲು ಪ್ರಯತ್ನಿಸಿ. 2015ರ 4.4 ಆವೃತ್ತಿಯಿಂದ ಅದಕ್ಕೆ ಪೇಜ್‌ಮೇಕರ್ 6 ಮತ್ತು 7ರ ಕಡತಗಳನ್ನು ಓದುವ ಸೌಲಭ್ಯ ಬಂದಿದೆ. ವಿನ್ಯಾಸ ಅಲ್ಲಲ್ಲಿ ಕದಡಿರುತ್ತದೆ, ಆದರೆ ಪಠ್ಯ ಸಿಗುತ್ತದೆ. ಅದು ರೋಮನ್ ಗೀಚಿನಂತೆಯೇ ಕಾಣುತ್ತದೆ, ಧೃತಿಗೆಡಬೇಡಿ. ಅದನ್ನು ನಕಲಿಸಿಕೊಂಡು ಪರಿವರ್ತಕದಲ್ಲಿ ಹಾಕಿ. ನುಡಿ ಅಥವಾ ಬರಹ ಫಾಂಟಿನಲ್ಲಿ ಜೋಡಿಸಿದ್ದಾದರೆ ಯೂನಿಕೋಡ್‌ಗೆ ತರುವ ಪರಿವರ್ತಕಗಳು ಉಚಿತವಾಗಿಯೇ ಇವೆ. ಬೇರೆ ಕಂಪನಿಯ ಫಾಂಟಾದರೆ ಅದರ ತುಂಡುಗಳ ಜಾಗಗಳೇ ಬೇರೆ, ಅದಕ್ಕೆ ತಕ್ಕ ಪರಿವರ್ತಕವನ್ನೇ ಹುಡುಕಬೇಕು.

ಪರಿವರ್ತನೆಯಾದ ಮೇಲೆ ಅರ್ಕಾವೊತ್ತನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟಿನಲ್ಲಿ ‘ಸೂರ್ಯ’ ಎಂದು ಜೋಡಿಸುವಾಗ ‘ಯ’ ಮೊದಲು, ಅರ್ಕಾವೊತ್ತು ಆಮೇಲೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲೇ ರಕಾರ ಮುಂದೆ ಬರುತ್ತದೆ. ಈ ಹಿಂದು ಮುಂದನ್ನು ಪರಿವರ್ತಕ ಸರಿಪಡಿಸುತ್ತದೆ, ಆದರೆ ಒತ್ತಕ್ಷರದ ಮೇಲೆ ಅರ್ಕಾವೊತ್ತು ಬಂದ ಕಡೆ ಕೆಲವೊಮ್ಮೆ ಎಡವುತ್ತದೆ. ದೀರ್ಘಗಳೂ ಹಾಗೆಯೇ. ಜೋಡಿಸಿದವರು ಒಂದೇ ರೂಪವನ್ನು ಎರಡು ಬಗೆಯಲ್ಲಿ ಒತ್ತಿರುವ ಸಾಧ್ಯತೆಯಿರುವುದರಿಂದ ಪ್ರತಿ ಸಾಲನ್ನೂ ಓದಲೇಬೇಕು. ನಲವತ್ತು ಪುಟಕ್ಕೆ ನಾಲ್ಕೈದು ಸಂಜೆ ಹಿಡಿಯಬಹುದು.

ಇನ್ನು ಪುಟವಿನ್ಯಾಸ. ಸ್ಕ್ರೈಬಸ್ ಬಳಸಿ ಬೇಸತ್ತವರು ನಮ್ಮಲ್ಲಿ ಬಹಳ ಮಂದಿ, ಅವರು ಬಳಸಿದ್ದು ಹಳೆಯ 1.4 ಸರಣಿ. ಅದರಲ್ಲಿ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಹಲಂತದೊಂದಿಗೆ ಉದುರುತ್ತಿದ್ದವು. 2017ರ 1.5.3 ಪ್ರಾಯೋಗಿಕ ಆವೃತ್ತಿಯಲ್ಲಿ ಪಠ್ಯ ಜೋಡಣೆಯನ್ನು ಹೊಸದಾಗಿ ಬರೆದರು, ಅದು ಸ್ಥಿರ ಆವೃತ್ತಿಯಾಗಿ 1.6 ಎಂಬ ಹೆಸರಿನಲ್ಲಿ 2024ರ ಜನವರಿಯಲ್ಲಿ ಹೊರಬಂತು. ಈಗ ಕನ್ನಡ ಸರಿಯಾಗಿ ಕೂರುತ್ತದೆ. ನಂಬಿಕೆಯಿಂದ ಹೊರಡಬೇಡಿ, ಮೊದಲು ಪರೀಕ್ಷಿಸಿ. ನಾನು ಯಾವ ತಂತ್ರಾಂಶ ಸಿಕ್ಕರೂ ‘ಸ್ತ್ರೀ, ರಾಷ್ಟ್ರ, ದುರ್ಗಾಷ್ಟಮಿ, ಕಾರ್ತೀಕ, ಲಕ್ಷ್ಮೀ, ರ‍್ಯಾಂಕ್’ ಎಂಬ ಒಂದು ಸಾಲನ್ನು ಬರೆದು, ಪಿಡಿಎಫ್ ಮಾಡಿ, ದೊಡ್ಡದಾಗಿಸಿ ನೋಡುತ್ತೇನೆ. ಕೊನೆಯ ಪದದಲ್ಲಿ ರಕಾರ ಅರ್ಕಾವೊತ್ತಾಗದೆ ಪೂರ್ಣರೂಪದಲ್ಲಿ ನಿಂತು, ಯಕಾರ ಅದರ ಕೆಳಗೆ ಒತ್ತಾಗಿ ಬರಬೇಕು. ಆರು ಪದವೂ ಸರಿಬಂದರೆ ಮುಂದಿನ ಕೆಲಸಕ್ಕೆ ಕೈ ಹಾಕಬಹುದು.

ಉಚಿತವಾಗಿ ಸಿಗುವುದೆಲ್ಲ ನಮ್ಮ ಲಿಪಿಗೆ ಒದಗುವುದಿಲ್ಲ ಎಂಬುದಕ್ಕೆ ಅಫಿನಿಟಿ ಉದಾಹರಣೆ. ಒಂದೇ ಸಲ ಹಣ ಕೊಟ್ಟು ಕೊಳ್ಳಬಹುದಾಗಿದ್ದ ಈ ವಿನ್ಯಾಸ ತಂತ್ರಾಂಶಗಳನ್ನು ಜಗತ್ತಿನ ಮನೆಬಳಕೆದಾರರು ಮೆಚ್ಚಿಕೊಂಡಿದ್ದರು. 2024ರಲ್ಲಿ ಕ್ಯಾನ್ವಾ ಎಂಬ ವಿನ್ಯಾಸ ಕಂಪನಿ ಅವುಗಳ ತಯಾರಕ ಕಂಪನಿಯನ್ನು ಕೊಂಡು, 2025ರ ಅಕ್ಟೋಬರ್‌ನಲ್ಲಿ ಅಫಿನಿಟಿಯನ್ನು ಉಚಿತ ಮಾಡಿತು. ಆದರೆ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಅದರಲ್ಲಿ ವರ್ಷಗಟ್ಟಲೆ ಇರಲಿಲ್ಲ. ಹೊಸ ಆವೃತ್ತಿ ಇಳಿಸಿಕೊಂಡರೂ ಆ ಆರು ಪದಗಳ ಪರೀಕ್ಷೆಯನ್ನು ತಪ್ಪಿಸಬೇಡಿ.

ಲಿಬ್ರೆಆಫೀಸ್ ರೈಟರ್‌ನಲ್ಲೇ ಪುಸ್ತಕ ಮಾಡುವುದಾದರೆ ಒಂದು ಸಂಗತಿ ನೆನಪಿರಲಿ. ಅದರಲ್ಲಿ ಪಾಶ್ಚಾತ್ಯ ಲಿಪಿಗೆ ಒಂದು ಫಾಂಟು, ಸಂಕೀರ್ಣ ಲಿಪಿಗೆ ಇನ್ನೊಂದು ಫಾಂಟು ಎಂದು ಎರಡು ಬೇರೆ ಆಯ್ಕೆಗಳಿವೆ, ಗಾತ್ರವೂ ಬೇರೆ ಬೇರೆ. ಕನ್ನಡ ಎರಡನೆಯ ಗುಂಪಿನದು. ಮೊದಲನೆಯದರಲ್ಲಿ ಗಾತ್ರ ಬದಲಿಸಿ ಕನ್ನಡ ಬದಲಾಗಲಿಲ್ಲವೆಂದು ಬೇಸತ್ತು ಕೈಬಿಟ್ಟವರನ್ನು ನೋಡಿದ್ದೇನೆ. ಫಾಂಟುಗಳಿಗೂ ಖರ್ಚಿಲ್ಲ. ನೋಟೋ ಸೆರಿಫ್ ಕನ್ನಡ, ಟೀರೋ ಕನ್ನಡ ಇವೆರಡೂ ಮುಕ್ತ ಪರವಾನಗಿಯವು, ಅಚ್ಚಿಗೂ ಒಪ್ಪುತ್ತವೆ. ಹಳೆಯ ಚಿತ್ರಗಳ ಗೀರು, ಕಲೆ ತೆಗೆಯಲು ಗಿಂಪ್ ಎಂಬ ಉಚಿತ ತಂತ್ರಾಂಶ ಸಾಕು.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶವನ್ನು ಮಾಡುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿದಾಗ, ಅದರ ಬಳಕೆದಾರರು ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡರು. ಅದೇ ತಂತ್ರಾಂಶದಿಂದ ಮಾಡಿದ ಲಾಟ್ವಿಯಾದ ಅನಿಮೇಷನ್ ಚಿತ್ರವೊಂದಕ್ಕೆ 2025ರಲ್ಲಿ ಆಸ್ಕರ್ ಬಂತು. ಕನ್ನಡದ ಪುಟವಿನ್ಯಾಸಕ್ಕೆ ಅಂಥದೊಂದು ಸಾಮೂಹಿಕ ಹಣ ಕೂಡಿದ್ದನ್ನು ನಾನು ಕಂಡಿಲ್ಲ. ಇಲ್ಲಿ ಚಂದಾ ದುಬಾರಿಯೆನ್ನುವ ನಾವು ಪ್ರತಿಯೊಬ್ಬರೂ ಒಂದು ತಿಂಗಳ ಚಂದಾದಷ್ಟನ್ನು ವರ್ಷಕ್ಕೊಮ್ಮೆ ಸ್ಕ್ರೈಬಸ್‌ಗೋ ಲಿಬ್ರೆಆಫೀಸ್‌ಗೋ ಕೊಟ್ಟರೆ, ನಮ್ಮ ಲಿಪಿಯಲ್ಲಿ ಉಳಿದಿರುವ ದೋಷಗಳನ್ನು ಸರಿಪಡಿಸಿಕೊಡಿರೆಂದು ಹಕ್ಕಿನಿಂದ ಕೇಳಬಹುದು.

ಉತ್ತರ: ಕಬಿನಿಕಾಡು

ನಾನು ಇಲ್ಲಿ ಬೇರೆ ಮಾತು ಹೇಳಬೇಕಾಗಿದೆ. ಮೈಸೂರಿನಲ್ಲಿ ಬೇರೊಂದು ಉದ್ಯೋಗದಲ್ಲಿರುವ ನಾನು ಬಿಡುವಿನಲ್ಲಿ ಕಾಡಿನ ಚಿತ್ರ ತೆಗೆಯುತ್ತೇನೆ, ಅದರಿಂದ ಬಿಡಿಗಾಸೂ ಬರುವುದಿಲ್ಲ. ಆದರೂ ಚಿತ್ರ ಸಂಸ್ಕರಣೆಯ ತಂತ್ರಾಂಶಕ್ಕೆ ಆರು ವರ್ಷಗಳಿಂದ ಚಂದಾ ಕಟ್ಟುತ್ತಿದ್ದೇನೆ, ಕೊಟ್ಟದ್ದು ವ್ಯರ್ಥವೆಂದು ಅನ್ನಿಸಿಲ್ಲ. ಉಚಿತವಾದ ಡಾರ್ಕ್‌ಟೇಬಲ್ ಅನ್ನು ಎಂಟು ತಿಂಗಳು ಶ್ರದ್ಧೆಯಿಂದ ಬಳಸಿದೆ. ಅದು ಅಸಮರ್ಥವಲ್ಲ. ಆದರೆ ಮುಂಜಾನೆಯ ಮಂಜಿನಲ್ಲಿ ತೆಗೆದ ಆನೆಯ ಹಿಂಡಿನ ನಾನೂರು ಚಿತ್ರಗಳನ್ನು ಒಂದು ಭಾನುವಾರದಲ್ಲಿ ಆರಿಸಿ ಮುಗಿಸುವುದು ನನಗೆ ಅದರಲ್ಲಿ ಸಾಧ್ಯವಾಗಲಿಲ್ಲ. ನನಗಿರುವುದು ಆ ಭಾನುವಾರವೊಂದೇ. ಮನೆಬಳಕೆದಾರನ ಸಮಯಕ್ಕೆ ಬೆಲೆಯಿಲ್ಲವೆಂದು ಭಾವಿಸಿ ಲೆಕ್ಕ ಹಾಕುವುದು ಸರಿಯಲ್ಲ.

ಬೀಗದ ಕೈಯ ವಿಷಯದಲ್ಲೂ ಎಲ್ಲ ತಂತ್ರಾಂಶಗಳೂ ಒಂದೇ ಅಲ್ಲ. ಅಡೋಬಿಯ ಚಿತ್ರ ಸಂಸ್ಕರಣೆಯ ತಂತ್ರಾಂಶವಾದ ಲೈಟ್‌ರೂಮ್ ಕ್ಲಾಸಿಕ್‌ನ ಚಂದಾ ಮುಗಿದ ಮೇಲೂ ನಿಮ್ಮ ಚಿತ್ರಗಳನ್ನು ನೋಡಬಹುದು, ಅಲ್ಲಿಯವರೆಗೆ ಮಾಡಿದ ತಿದ್ದುಪಡಿಗಳ ಸಮೇತ ಹೊರತೆಗೆಯಬಹುದು. ಹೊಸದಾಗಿ ಸಂಸ್ಕರಿಸುವ ಭಾಗ ಮುಚ್ಚುತ್ತದೆ. ವಿಡಿಯೊದ ಡಾವಿಂಚಿ ರಿಸಾಲ್ವ್ ಇನ್ನೊಂದು ಬಗೆ. ಅದರ ಉಚಿತ ಆವೃತ್ತಿಯೇ ಮನೆಯ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತದೆ, ಪೂರ್ಣ ಆವೃತ್ತಿಯನ್ನು ಬಯಸಿದವರು ಒಂದೇ ಸಲ ಕೊಳ್ಳುತ್ತಾರೆ. ಕ್ಯಾಮೆರಾ ಮತ್ತು ಇತರ ಯಂತ್ರಗಳನ್ನು ಮಾರಿ ಗಳಿಸುವ ಕಂಪನಿಗೆ ಅದು ಸಾಧ್ಯ. ತಂತ್ರಾಂಶವೊಂದರಿಂದಲೇ ಬದುಕಬೇಕಾದ ಕಂಪನಿ ಪ್ರತಿವರ್ಷ ಎಂಜಿನಿಯರುಗಳಿಗೆ ಸಂಬಳ ಕೊಡಬೇಕಲ್ಲ. ನನ್ನ ತಕರಾರು ಚಂದಾದ ಮೇಲಲ್ಲ, ವರ್ಷಕ್ಕೆ ಇಪ್ಪತ್ತು ಗಂಟೆ ಬಳಸುವವರಿಗೆ ಇಪ್ಪತ್ತು ಗಂಟೆಯ ದರವಿಲ್ಲ ಎಂಬುದರ ಮೇಲೆ. ನಮ್ಮಲ್ಲಿ ಮೊಬೈಲಿಗೆ ಬೇಕಾದಷ್ಟೇ ದಿನದ ಪ್ಯಾಕ್ ಸಿಗುತ್ತದೆ, ಇದಕ್ಕೇಕೆ ಸಿಗಬಾರದು?

ಉತ್ತರ: ಹಸೆಹಾಡು

ಎಲ್ಲರಿಗೂ ಕೃತಜ್ಞತೆಗಳು. ಮುಕ್ತಲಿಪಿ ಅವರು ಹೇಳಿದಂತೆ ಸಿಡಿಯ ಕಡತವನ್ನು ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದೆ. ಮೂವತ್ತೆಂಟು ಪುಟಗಳು ತೆರೆದವು, ಎರಡು ಪುಟಗಳು ಖಾಲಿ ಬಂದವು. ಪರಿವರ್ತಕದಲ್ಲಿ ಮೊದಲ ಪುಟವನ್ನು ಹಾಕಿದಾಗ ನಮ್ಮ ತಾಯಿಯವರು ಹಸೆಗೆ ಕರೆಯುವಾಗ ಹೇಳುತ್ತಿದ್ದ ಹಾಡಿನ ಸೊಲ್ಲು ಕನ್ನಡದಲ್ಲಿ ಎದ್ದು ಬಂತು. ಮನೆಯವರನ್ನು ಕರೆದು ಓದಿ ಹೇಳಿದೆ. ಕಾಗುಣಿತದ ತಪ್ಪುಗಳು ಬೇಕಾದಷ್ಟಿವೆ, ಅವುಗಳಲ್ಲಿ ಕೆಲವು ನಾನೇ 2009ರಲ್ಲಿ ನೋಡದೆ ಬಿಟ್ಟವು.

ಇನ್ನೊಂದು ವಿಷಯವನ್ನು ಕೇಳಿಬಿಡುತ್ತೇನೆ. ಪೇಟೆಯಲ್ಲಿ ಒಬ್ಬರು, ಇದಕ್ಕೆಲ್ಲ ಏಕೆ ತಲೆ ಕೆಡಿಸಿಕೊಳ್ಳುತ್ತೀರಿ, ಐನೂರು ರೂಪಾಯಿ ಕೊಡಿ, ಬೀಗ ಒಡೆದ ಪ್ರತಿಯನ್ನು ಹಾಕಿಕೊಡುತ್ತೇನೆ, ಮನೆಯಲ್ಲಿ ಬಳಸಿದರೆ ಯಾರೂ ಕೇಳುವುದಿಲ್ಲ ಎಂದರು. ಮಕ್ಕಳಿಗೆ ಪಾಠ ಹೇಳಿದ ನನಗೆ ಅದು ಒಪ್ಪಿಗೆಯಾಗಲಿಲ್ಲ. ಆದರೂ ಮನೆಬಳಕೆಗೆ ಕಾನೂನಿನಲ್ಲಿ ವಿನಾಯಿತಿ ಇದೆಯೆಂಬ ಅವರ ಮಾತು ನಿಜವೇ?

ಉತ್ತರ: ಲೆಕ್ಕದಪುಸ್ತಕ

ವಿನಾಯಿತಿಯಿಲ್ಲ, ಶಿಕ್ಷೆಯಲ್ಲಿ ವ್ಯತ್ಯಾಸವಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಕಲಮಿನ ಪ್ರಕಾರ, ಅನಧಿಕೃತ ಪ್ರತಿಯೆಂದು ತಿಳಿದೂ ಗಣಕದಲ್ಲಿ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸಿಲ್ಲವೆಂದಾದರೆ ನ್ಯಾಯಾಲಯವು, ಕಾರಣಗಳನ್ನು ತೀರ್ಪಿನಲ್ಲಿ ದಾಖಲಿಸಿ, ಸೆರೆವಾಸ ವಿಧಿಸದೆ 50,000 ರೂಪಾಯಿಯವರೆಗಿನ ದಂಡಕ್ಕೆ ಸೀಮಿತಗೊಳಿಸಬಹುದು. ಅಷ್ಟೇ. ಅಂಥ ಪ್ರತಿಗಳ ಜೊತೆ ದುರುದ್ದೇಶದ ತಂತ್ರಾಂಶವೂ ಸೇರಿಕೊಂಡು ಬರಬಹುದೆಂಬುದು ಬೇರೆಯೇ ಭಯ. ಪಿಂಚಣಿಯ ಖಾತೆಯನ್ನು ಅದೇ ಗಣಕದಲ್ಲಿ ತೆರೆಯುವವರು ಆ ಕಡೆ ಸುಳಿಯಲೇಬಾರದು. ಹಣ ಕೊಟ್ಟು ಕೊಂಡ ತಂತ್ರಾಂಶದ ಒಂದು ಕಾಪು ಪ್ರತಿಯನ್ನು ಮಾಡಿಟ್ಟುಕೊಳ್ಳಲು ಮಾತ್ರ ಅದೇ ಕಾನೂನಿನ 52ನೆಯ ಕಲಮಿನಲ್ಲಿ ಅವಕಾಶವಿದೆ.

ಉತ್ತರ: ಹಸೆಹಾಡು

ತಿಳಿಯಿತು, ಆ ದಾರಿ ನನಗೆ ಬೇಡ. ಸ್ಕ್ರೈಬಸ್ 1.6 ಹಾಕಿಕೊಂಡು, ಆರು ಪದಗಳ ಪರೀಕ್ಷೆ ಮಾಡಿ, ಒಂದು ಹಾಡಿನ ಎರಡು ಪುಟಗಳನ್ನು ಪೇಟೆಯ ಅಂಗಡಿಯಲ್ಲಿ ಅಚ್ಚು ತೆಗೆಸಿದ್ದೇನೆ. ಅಕ್ಷರಗಳೆಲ್ಲ ಸರಿಯಾಗಿವೆ. ಆದರೆ 11 ಪಾಯಿಂಟ್ ಅಕ್ಷರದಲ್ಲಿ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗಿದಂತೆ ಕಾಣುತ್ತವೆ. ‘ಸ್ತ್ರೀ’ ಬಂದ ಕಡೆ ಎರಡನೆಯ ಒತ್ತು ಕೆಳಗಿನ ದೀರ್ಘದ ಮೇಲೆಯೇ ಕೂತಿದೆ. ಇದು ತಂತ್ರಾಂಶದ ದೋಷವೇ?

ಉತ್ತರ: ಅಚ್ಚಿನಮೊಳೆ

ದೋಷವಲ್ಲ. ತಂತ್ರಾಂಶ ತಾನಾಗಿ ಕೊಡುವ ಸಾಲಂತರ ಇಂಗ್ಲಿಷಿಗೆ ಹೊಂದುವಂಥದ್ದು, ನಮ್ಮ ಒತ್ತಕ್ಷರಗಳಿಗೆ ಅದು ಸಾಲದು. ಸಾಲಂತರವನ್ನು ಸ್ವಯಂಚಾಲಿತದಿಂದ ತೆಗೆದು ಸ್ಥಿರ ಅಳತೆಗೆ ತನ್ನಿ. 11 ಪಾಯಿಂಟ್ ಅಕ್ಷರಕ್ಕೆ 16.5ರಿಂದ ಮೊದಲು ಮಾಡಿ, ಎರಡು ಒತ್ತು ಒಂದರ ಕೆಳಗೊಂದು ಬರುವ ಪದಗಳು ಹೆಚ್ಚಿದ್ದರೆ 17.5ಕ್ಕೆ ಏರಿಸಿ. ಹಾಡಿನ ಪುಸ್ತಕವಾದ್ದರಿಂದ ಸಾಲುಗಳನ್ನು ಎರಡೂ ಅಂಚಿಗೆ ಸರಿಹೊಂದಿಸುವ ಗೋಜಿಗೆ ಹೋಗದೆ ಎಡಕ್ಕೆ ಮಾತ್ರ ಜೋಡಿಸಿ, ಆಗ ಕನ್ನಡದ ಉದ್ದ ಪದಗಳ ನಡುವೆ ಬಿಳಿಯ ಬಿರುಕುಗಳು ಬೀಳುವುದಿಲ್ಲ. ಪುಟಗಳು ಒಂದಿಷ್ಟು ಹೆಚ್ಚಾಗುತ್ತವೆ. ಮುದ್ರಕರು ಸಾಮಾನ್ಯವಾಗಿ 16 ಪುಟಗಳ ಫಾರ್ಮಿನ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪಿನ, ಲೆಕ್ಕದಲ್ಲಿ ಅಚ್ಚು ಹಾಕುವುದರಿಂದ ನಿಮ್ಮ 180 ಪುಟ 192ರವರೆಗೆ ಬೆಳೆದರೂ ಫಾರ್ಮುಗಳ ಸಂಖ್ಯೆ 12ನ್ನು ದಾಟುವುದಿಲ್ಲ. ಖಾಲಿ ಬಂದ ಆ ಎರಡು ಪುಟಗಳ ಹಾಡು ಅಚ್ಚಾದ ಹಳೆಯ ಹೊತ್ತಗೆಯಲ್ಲಿ ಇದ್ದೇ ಇರಬೇಕು. ನೆಂಟರಲ್ಲಿ ಯಾರ ಮನೆಯಲ್ಲಾದರೂ ಒಂದು ಪ್ರತಿ ಉಳಿದಿದೆಯೇ ಎಂದು ವಿಚಾರಿಸಿ, ಆ ಎರಡು ಪುಟಗಳ ಚಿತ್ರ ತೆಗೆದು ಕಳುಹಿಸಿ. ನಾನು ಜೋಡಿಸಿಕೊಡುತ್ತೇನೆ.